ಒಂದಾದರೂ ಅಲುಗಾಡಿದರೆ

ಇಂಥ ವಿಷಯವನ್ನು ನಾಲ್ಕು ಜನರ ಮುಂದೆ ಹೇಳಬಹುದೇ ಎಂಬ ಅಳುಕು ನನಗಿನ್ನೂ ಹೋಗಿಲ್ಲ. ತಪ್ಪೆನಿಸಿದರೆ ಓದುವವರು ಕ್ಷಮಿಸಬೇಕು. ತರಕಾರಿ, ಮೀನು ಇಡುವ ಶೀತಲ ಗೋದಾಮಿನಲ್ಲಿ ಯಂತ್ರ ರಿಪೇರಿ ಮಾಡುವವನೊಬ್ಬನಿದ್ದ. ಜೊತೆಯವರು ಅವನನ್ನು ಐಸಪ್ಪ ಎಂದೇ ಕರೆಯುತ್ತಿದ್ದರು. ಮದುವೆಯಾಗಿರಲಿಲ್ಲ. ವೃಷಣದಲ್ಲಿ ಕ್ಯಾನ್ಸರ್ ಎಂದು ಗೊತ್ತಾಗಿ, ಮರುದಿನ ಬೆಳಿಗ್ಗೆ ಕೀಮೋ ಶುರುವಾಗುವುದಿತ್ತು. ಆ ಔಷಧಿಯಿಂದ ಮುಂದೆ ಮಕ್ಕಳಾಗದೇ ಹೋಗಬಹುದು, ಮೊದಲೇ ವೀರ್ಯವನ್ನು ಲ್ಯಾಬಿನಲ್ಲಿ ಹೆಪ್ಪುಗಟ್ಟಿಸಿ ಇಡಿಸಿಬಿಡು ಎಂದಿದ್ದರು ಡಾಕ್ಟರು. ಕೀಮೋದ ಹಿಂದಿನ ದಿನ ಬೆಳಿಗ್ಗೆ ಕೊಟ್ಟು ಬಂದವನು ಅದೇ ಸಂಜೆ ಯಂತ್ರದ ಕೋಣೆಯಿಂದ ಲ್ಯಾಬಿಗೆ ಫೋನು ಮಾಡಿದ. ಆ ಕಡೆಯ ಮಾತು ಬಿದ್ದದ್ದು ಅವನ ಕಿವಿಗೆ ಮಾತ್ರ. ಅದನ್ನು ನಾನು ಕಟ್ಟಿ ಹೇಳಲಾರೆ.

“ಹಲೋ... ಹಲೋ, ಯಾರು ಮಾತಾಡೋದು? ಲ್ಯಾಬ್ ಅಲ್ವಾ?... ಹಾಂ, ನಿನ್ನೆ ಮಾತಾಡಿದ ಮೇಡಂ ನೀವೇನಾ? ಸದ್ಯ! ಬೆಳಿಗ್ಗೆ ನೀವಿರಲಿಲ್ಲ, ಗ್ಲೌಸ್ ಹಾಕ್ಕೊಂಡಿದ್ದ ಇನ್ನೊಬ್ಬರ ಕೈಗೆ ಕೊಟ್ಟು ಬಂದೆ... ಅಲ್ಲ ಅಲ್ಲ, ರಕ್ತ ಅಲ್ಲ. ಅದು... ಇನ್ನೊಂದು.”

ಅವನು ಸುತ್ತ ನೋಡಿದ. ಕೋಣೆಯಲ್ಲಿ ಕಂಪ್ರೆಸರ್ ಬಿಟ್ಟರೆ ಇನ್ಯಾರೂ ಇರಲಿಲ್ಲ. ಆದರೂ ಬಾಯಿಗೆ ಕೈ ಅಡ್ಡ ಹಿಡಿದ.

“ವೀರ್ಯ, ಮೇಡಂ.”

...

“ಅದಾ, ಇಲ್ಲಿಯ ಮೆಷಿನ್ ಸದ್ದು. ಸ್ವಲ್ಪ ಜೋರಾಗಿ ಹೇಳಿ... ಹೂಂ. ಒಳಗೆ ಇಟ್ಟಾಯ್ತಾ?... ಇಡಲಿಲ್ವಾ? ಯಾಕೆ?”

...

“ಅಲುಗಾಡ್ತಿಲ್ಲ ಅಂದ್ರೆ?... ಒಂದೂ?... ಸರಿಯಾಗಿ ನೋಡಿದ್ರಾ? ಅಲ್ಲ, ನಿಮ್ಮ ಕೆಲಸಕ್ಕೆ ಹೆಸರಿಡ್ತಿಲ್ಲ, ಸುಮ್ನೆ ಕೇಳಿದೆ... ಅಂದ್ರೆ ಕಾಯಿಲೆ ಆಗಲೇ ಎಲ್ಲಾ ತಿಂದುಬಿಟ್ಟಿದೆಯಾ?”

...

“ಹೇಗೆ ತಂದೆ ಅಂದ್ರೆ? ಜೋಪಾನವಾಗೇ ತಂದೆ. ಮೀನಿನ ಲೋಡಿಗೆ ಹಾಕೋ ಐಸ್ ಪ್ಯಾಕ್ ಇರುತ್ತಲ್ಲ, ಡಬ್ಬಿಯಲ್ಲಿ ಕೆಳಗೊಂದು ಮೇಲೊಂದು ಇಟ್ಟು, ನಡುವೆ ನೀವು ಕೊಟ್ಟ ಕಪ್... ಹೊಸ ಪ್ಯಾಕೇ ಮೇಡಂ, ಮೀನಿನ ವಾಸನೆ ಏನೂ ಇರಲಿಲ್ಲ! ಬಸ್ಸಿನಲ್ಲಿ ಮಡಿಲಲ್ಲೇ ಇಟ್ಕೊಂಡು ಬಂದೆ. ಒಂದು ಚೂರೂ ಬಿಸಿ ತಾಗೋಕೆ ಬಿಟ್ಟಿಲ್ಲ.”

...

“ಹಲೋ? ಮೇಡಂ?... ಇದ್ದೀರಾ? ಯಾಕೆ ಸುಮ್ನಾದ್ರಿ?”

ಆಮೇಲೆ ಅವನು ಕೇಳಿಸಿಕೊಂಡ. ಕೇಳುತ್ತ ಕೇಳುತ್ತ ಗೋಡೆಗೆ ಒರಗಿದ.

“ಐಸಿಂದಲಾ ಹೀಗಾದದ್ದು?... ಮೈಗೆ ತಾಗಿಸಿ ತರಬೇಕಿತ್ತಾ?... ಅಂಗಿ ಒಳಗೆ, ಹೊಟ್ಟೆ ಹತ್ರ. ಬೆಚ್ಚಗೆ... ನಿನ್ನೆ ಹೇಳಿದ್ರಾ?... ಹೇಳಿರ್ತೀರಿ ಬಿಡಿ. ನಾನು ನೆಲ ನೋಡ್ತಾ ನಿಂತಿದ್ದೆ. ನೀವು ನಮ್ಮಕ್ಕನ ಮಗಳ ವಯಸ್ಸಿನೋರು. ನೀವು ಏನು ಹೇಳಿದ್ರೂ ಹೂಂ ಹೂಂ ಅಂದುಬಿಟ್ಟೆ. ಬೇಗ ಹೊರಗೆ ಹೋದ್ರೆ ಸಾಕಾಗಿತ್ತು ನನಗೆ.”

...

“ಅಲ್ಲ, ಕೆಡಬಾರದು ಅಂದ್ರೆ ತಣ್ಣಗಿಡಬೇಕು, ನನಗೆ ಗೊತ್ತಿರೋದು ಅದೊಂದೇ... ಓ. ಮೊದಲು ಏನೋ ದ್ರಾವಣ ಬೆರೆಸ್ತೀರಾ? ಆಮೇಲೆ ಮೆಲ್ಲಗೆ ತಣ್ಣಗೆ ಮಾಡೋದು... ಗೊತ್ತಾಯ್ತು. ಸೊಪ್ಪೂ ಹಾಗೇ ಮೇಡಂ, ಒಂದೇ ಸಲ ಐಸಿಗೆ ತಾಗಿಸಿದ್ರೆ ಕಪ್ಪಾಗುತ್ತೆ. ದಿನಾ ನೋಡ್ತೀನಿ. ಸೊಪ್ಪಿಗೆ ಓಡೋ ತಲೆ ಇದಕ್ಕೆ ಓಡಲಿಲ್ಲ ನೋಡಿ... ನಕ್ರಾ?... ಇಲ್ಲ ಇಲ್ಲ, ನಗಿ, ಪರವಾಗಿಲ್ಲ. ನನ್ನ ಹತ್ರ ಯಾರಾದ್ರೂ ನಕ್ಕು ಎಷ್ಟೋ ದಿನ ಆಯ್ತು.”

...

“ಇಲ್ಲ, ಕೇಳಿ ನೋಡಿದೆ. ಕೀಮೋ ಒಂದು ದಿನವೂ ಮುಂದಕ್ಕೆ ಹಾಕೋ ಹಾಗಿಲ್ಲ ಅಂದ್ರು ಡಾಕ್ಟರು... ಶುರುವಾದ ಮೇಲೆ ಕೊಟ್ರೆ?... ಆಗಲ್ವಾ... ಹೂಂ. ಹಾಗಾದ್ರೆ ಮುಗೀತು ಅನ್ನಿ.”

...

“ಈಗಲೇ ಬಂದು ಕೊಡಲಾ? ಇವತ್ತೇನಾ?... ಬೆಳಿಗ್ಗೆ ತಾನೇ... ಮತ್ತೆ ಆಗುತ್ತಾ ಮೇಡಂ?... ಕಮ್ಮಿ ಇರುತ್ತೆ. ಸರಿ... ಒಂದಾದರೂ ಅಲುಗಾಡಿದ್ರೆ ಒಂದು ದಾರಿ ಇರುತ್ತೆ ಅಂತೀರಾ? ಸುಮ್ನೆ ಸಮಾಧಾನಕ್ಕೆ ಹೇಳ್ತಿಲ್ಲ ತಾನೇ?”

...

“ಮನೆಯಿಂದ ತರೋದು ಬೇಡ, ಲ್ಯಾಬಿನ ಆ ಕೋಣೆಗೇ ಬರಬೇಕಾ?... ಅಯ್ಯೋ. ಗೋಡೆ ಆಚೆ ಜನ ಟೋಕನ್ ಹಿಡಿದು ಕೂತಿರ್ತಾರೆ, ಟಿವಿಯಲ್ಲಿ ಯಾವನೋ ಕಿರುಚ್ತಿರ್ತಾನೆ. ನಿನ್ನೆ ಅಲ್ಲಿ ಕೂತು ಕೂತು ಬರಿಗೈಯಲ್ಲಿ ಹೊರಗೆ ಬಂದೆನಲ್ಲ... ಟಿವಿ ಆರಿಸ್ತೀರಾ?... ನಿಮಗೆ ಪುಣ್ಯ ಬರಲಿ.”

...

“ಜೊತೆಗಾ? ಯಾರೂ ಇಲ್ಲ... ಅಕ್ಕ ಇದ್ದಾಳೆ. ಅವಳಿಗೆ ಹರ್ನಿಯಾ ಅಂದಿದ್ದೀನಿ. ತಾಯಿ ಥರ ಸಾಕಿದೋಳು, ಅವಳ ಮುಂದೆ ಆ ಜಾಗದ ಹೆಸರು ಹೇಗೆ ಎತ್ತಲಿ?... ಇಲ್ಲಿಯೋರಿಗಾ? ಇವರಿಗೆ ಹೇಳಿದ್ರೆ ಇನ್ನೊಂದು ಅಡ್ಡಹೆಸರು ಇಡ್ತಾರೆ, ಇರೋದೇ ಸಾಕು... ಡಾಕ್ಟರನ್ನ ಬಿಟ್ರೆ ನಿಮ್ಮ ಹತ್ರ ಮಾತ್ರ ಹೇಳಿರೋದು.”

...

“ಏನು? ನನಗೇನಾದ್ರೂ ಆದ್ರೆ... ಅದು ಯಾರಿಗೆ ಸೇರಬೇಕು ಅಂತಾನಾ?... ಎಲ್ಲರನ್ನೂ ಕೇಳ್ತೀರಾ? ಹೂಂ, ಕೇಳಲೇಬೇಕು.”

ಹಿಂದೆ ಪ್ಯಾಕಿಂಗ್ ವಿಭಾಗದಲ್ಲಿದ್ದು, ಚಳಿಯೆಂದು ಅವನ ಸ್ವೆಟರ್ ಇಸಿದುಕೊಂಡು, ವಾಪಸು ಕೊಡದೆಯೇ ಕೆಲಸ ಬಿಟ್ಟು ಹೋದವಳೊಬ್ಬಳ ಮುಖ ಕಣ್ಣ ಮುಂದೆ ಬಂತು. ಈಗ ಅವಳು ಎಲ್ಲಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ. ಆ ಮುಖದ ಹಿಂದೆ ಇನ್ನೊಂದು ಮುಖ ಬರಲಿಲ್ಲ.

“ಯಾರಿಗೂ ಇಲ್ಲ, ಮೇಡಂ. ನಾನಿಲ್ಲ ಅಂದ್ರೆ ಅದೂ ಬೇಡ, ತೆಗೆದುಬಿಡಿ... ಮತ್ಯಾಕೆ ಇಡಿಸೋದು ಅಂತೀರಾ?... ನೀವು ಕೇಳಲಿಲ್ವಾ? ಹಾಗಾದ್ರೆ ನನಗೆ ನಾನೇ ಕೇಳ್ಕೊಂಡೆ ಅನ್ಸುತ್ತೆ.”

...

“ಮದುವೆ, ಮಕ್ಕಳು ಅಂತ ನಾನು ಯಾವತ್ತೂ ತಲೆ ಕೆಡಿಸಿಕೊಂಡೋನಲ್ಲ. ಡಾಕ್ಟರು ಮುಂದೆ ಮಕ್ಕಳಾಗದೇ ಹೋಗಬಹುದು ಅಂದ ದಿನ ಮನೆಗೆ ಹೋಗಿ ಚಪ್ಪಲಿ ಬಿಟ್ಟೆ. ಬಾಗಿಲ ಹತ್ರ ಒಂದೇ ಜೊತೆ ಚಪ್ಪಲಿ. ಮೊದಲಿಂದಲೂ ಒಂದೇ ಜೊತೆ ಮೇಡಂ, ಹೊಸದೇನಲ್ಲ. ಆದ್ರೆ ಕಣ್ಣಿಗೆ ಬಿದ್ದದ್ದು ಅವತ್ತೇ... ಏನೋ, ಒಂದು ಬಾಗಿಲನ್ನ ನನ್ನ ಕೈಯಾರೆ ಮುಚ್ಚೋದು ಬೇಡ ಅಂತ. ಅಷ್ಟೇ... ಕೇಳಿಸ್ತಿದೆಯಾ? ಈ ಕೋಣೆಯಲ್ಲಿ ಸಿಗ್ನಲ್ ಸರಿಯಾಗಿ ಬರಲ್ಲ.”

...

“ಹಾಂ, ಹೊರಟೆ, ಈಗಲೇ ಹೊರಟೆ. ಬಸ್ ಕಾಯಲ್ಲ, ಟ್ಯಾಕ್ಸಿ ಹಿಡೀತೀನಿ. ಕೈಮುಗೀತೀನಿ, ಬಾಗಿಲು ಹಾಕಿಬಿಡಬೇಡಿ... ಇನ್ನೊಂದೇ ಮಾತು ಮೇಡಂ. ನಾನು ಬಂದಾಗ ಕೌಂಟರಿನಲ್ಲಿ ನೀವೇ ಇರ್ತೀರಾ? ಬೇರೆಯೋರಿಗೆ ಮತ್ತೆ ಮೊದಲಿಂದ ಹೇಳೋಕೆ ನನ್ನ ಕೈಲಿ... ಹಲೋ?... ನೀವೇ ಇರ್ತೀರಾ ಅಂದೆ... ಮೇಡಂ?... ಹಲೋ?”

ಲೈನು ಕಟ್ಟಾಗಿತ್ತು.

ಮತ್ತೆ ಮಾಡಲು ಹೋದ ಬೆರಳು ಹಾಗೇ ನಿಂತಿತು. ಮಾಡುತ್ತ ನಿಂತರೆ ಹೊತ್ತು ಮೀರುತ್ತದೆ. ಕಂಪ್ರೆಸರನ್ನು ಓಡುತ್ತಿದ್ದ ಹಾಗೆಯೇ ಬಿಟ್ಟು, ಯಾರಿಗೂ ಹೇಳದೆ, ಅವನು ಬೀದಿಗೆ ಇಳಿದ. ಆ ಕಡೆಯವಳು ಹೂಂ ಎಂದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಆ ಸಂಜೆ ಅವನು ಕೊಟ್ಟದ್ದರಲ್ಲಿ ಜೀವವಿತ್ತೋ ಇಲ್ಲವೋ, ಅದು ನನಗೂ ಗೊತ್ತಿಲ್ಲ.