ಆಶ್ಲೇಷಾ ನಕ್ಷತ್ರದ ಸೊಸೆ

ಆಸ್ಪತ್ರೆಯ ಬೆಂಚಿನಲ್ಲಿ ಸರದಿ ಕಾಯುತ್ತಿದ್ದ ದರ್ಜಿಯ ಪಕ್ಕದಲ್ಲೇ ಗಂಡ ಹೆಂಡತಿ ಪಿಸುಗುಡುತ್ತಿದ್ದರು. ಅವನಾದರೂ ಕಿವಿ ಮುಚ್ಚಿಕೊಳ್ಳಲಾದೀತೇ?

“ಆಶ್ಲೇಷಾ ಹುಡುಗಿ ಅತ್ತೆಗೆ ಆಗಿಬರಲ್ಲ ಅಂತ ಮೊದಲೇ ಹೇಳಿದ್ವಲ್ರೀ.”

“ಹೇಳಿದ್ವಿ. ‘ಅತ್ತೆ ಆಗೋಳು ನಾನು, ನನಗಿಲ್ಲದ ಭಯ ನಿಮಗ್ಯಾಕೆ’ ಅಂತ ಬೀಗಿತ್ತಿ ನಕ್ಕುಬಿಟ್ರು.”

“ನಿಶ್ಚಿತಾರ್ಥ ಮುಗಿದಿದ್ದೇ ತಡ, ಹಾಸಿಗೆ ಹಿಡಿದ್ರು. ಹುಷಾರಾದ್ರೆ?”

“ಈ ಸಂಬಂಧವೇ ಬೇಡ ಅಂತಾರೆ ಅವರ ಮನೆಯವರು.”

“ಆಗದಿದ್ರೆ?”

“ನಮ್ಮ ಮಗಳೇ ನುಂಗಿಕೊಂಡ್ಳು ಅಂತಾರೆ.”

ನರ್ಸ್ ಬಾಗಿಲು ತೆರೆದಳು. “ಸೊಸೆ ಬಂದಿದಾಳಾ ಅಂತ ಒಳಗೆ ಆ ಅಮ್ಮ ಕೇಳ್ತಾನೇ ಇದಾರೆ.”

“ಬರ್ತೀನಿ ಅಂತ ಗೋಗರೆದ್ಲು ರೀ. ನಾವೇ ಬೇಡ ಅಂತ ಮನೇಲಿ ಬಿಟ್ಟುಬಂದ್ವಿ,” ಎಂದಳು ಹೆಂಡತಿ.

“ಬಂದಿದಾಳೆ, ಹೊರಗೆ ಕೂತಿದಾಳೆ ಅಂತ ಹೇಳಿಬಿಡಮ್ಮಾ,” ಎಂದು ಗಂಡ ನರ್ಸಿಗೆ ಹೇಳಿ, ಮಗಳನ್ನು ಕರೆತರಲು ಹೆಂಡತಿಯ ಕೈ ಹಿಡಿದು ಮೆಟ್ಟಿಲಿಳಿದ.