ಒಣಮರಕ್ಕೊಂದು ಅನುಮತಿ

...ಅಲ್ಲ ಕಣಮ್ಮ, ಒಂದು ಮರ ಒಣಗಿದೆಯೋ ಇಲ್ಲವೋ ಅಂತ ನೋಡೋಕೆ ಎಷ್ಟು ಸಲ ಸುತ್ತು ಹಾಕಬೇಕು? ದೇವಸ್ಥಾನಾನಾ ಇದು? ಕತ್ತೆತ್ತಿ ನೋಡು, ಸಾಕು. ಒಂದೆಲೆ ಕಾಣುತ್ತಾ? ಯುಗಾದಿ ಬಂದು ಹೋಯಿತು. ಕುಂಬಾರಕೊಪ್ಪಲಿನ ಬೀದಿ ಬೀದಿಯಲ್ಲೂ ಹೊಂಗೆ ಚಿಗುರಿ ಮಿಂಚ್ತಾ ಇದೆ. ನಮ್ಮನೇದು ಮಾತ್ರ ಹೀಗೆ, ಸೌದೆ ನಿಲ್ಲಿಸಿದ ಹಾಗೆ. ಸತ್ತಿದೆ ಧರಣಿ. ಸತ್ತಿದೆ ಅಂತ ಬರಿ, ಕಡಿಯಬಹುದು ಅಂತ ಬರಿ, ರುಜು ಹಾಕು. ಒಂದು ಲೋಟ ಮಜ್ಜಿಗೆ ಕುಡಿದು ಹೊರಡು. ಮುಗೀತು.

ಯಾಕೆ ನಗ್ತೀಯ?

ಗೊತ್ತಾಯ್ತು ಬಿಡು. ಕ್ಲಾಸಿನಲ್ಲಿ ವಾಗೀಶ ಮೇಷ್ಟ್ರು "ಬೇಗ ಬರೆದು ಮುಗಿಸಿ" ಅಂತ ಒಂದು ದಿನವೂ ಅಂದವರಲ್ಲ. "ಮೊದಲು ಸಂಗತಿ, ಆಮೇಲೆ ಕಾನೂನು." ಅದೇ ತಾನೇ ನೆನಪಾಗಿದ್ದು? ಹೇಳ್ತಿದ್ದೆ. ಈಗಲೂ ಹೇಳ್ತೀನಿ. ಆದರೆ ಅದು ಕ್ಲಾಸು, ಫ್ಯಾನಿನ ಕೆಳಗೆ. ಇದು ನನ್ನ ಮನೆ ಕಾಂಪೌಂಡು. ನೆತ್ತಿ ಮೇಲೆ ಬಿಸಿಲು, ನೆರಳು ಬೇರೆ ಇಲ್ಲ...

ಹೂಂ. ನೆರಳಿಲ್ಲ. ಮರ ಒಣಗಿದ ಮೇಲೆ ನೆರಳೆಲ್ಲಿಂದ ಬರುತ್ತೆ? ಹಾಗೇನು ನೋಡ್ತೀಯ?

ಅಲ್ಲ, ನಿನ್ನನ್ನ ಕಳಿಸ್ತಾರೆ ಅಂತ ಗೊತ್ತೇ ಇರಲಿಲ್ಲ ನೋಡು. ಗೇಟು ತೆಗೆದಾಗ ಗುರುತು ಹತ್ತಲಿಲ್ಲ, ಯೂನಿಫಾರಂ ಬೇರೆ. ಅಷ್ಟು ಚೆನ್ನಾಗಿ ವಾದ ಮಾಡ್ತಿದ್ದವಳು, ಕೋರ್ಟಿಗೆ ಹೋಗ್ತೀಯ ಅಂದ್ಕೊಂಡಿದ್ದರೆ, ಮರ ಕಾಯೋ ಇಲಾಖೆ ಸೇರಿಬಿಟ್ಟೆ! ಇರಲಿ, ಒಳ್ಳೇದೇ. ಮರಗಳು ಕಕ್ಷಿದಾರರ ಹಾಗೆ ಸುಳ್ಳು ಹೇಳಲ್ಲ.

ಹೋದ ಸಲ ಬಂದಿದ್ದರಲ್ಲ ನಿಮ್ಮವರು ಒಬ್ಬರು, ಕಾಂಡ ತಟ್ಟಿ ನೋಡಿ, "ಮರ ಆರೋಗ್ಯವಾಗಿದೆ ಸಾರ್" ಅಂದರು. ಅರ್ಜಿ ತಿರಸ್ಕಾರ. ಮರದ ಆರೋಗ್ಯ! ನನ್ನ ಆರೋಗ್ಯ ಯಾರು ಕೇಳಿದರು? ಕಾರು ಒಳಗೆ ಬರಲ್ಲ ಕಣಮ್ಮ, ಮರ ಗೇಟಿಗೆ ಅಡ್ಡ. ಬೀದೀಲೇ ನಿಲ್ಲಿಸಬೇಕು. ಯಾವನೋ ಕೀಲಿಕೈ ತಗೊಂಡು ಒಂದು ಪಕ್ಕ ಪೂರ್ತಿ ಗೀಚಿದ್ದಾನೆ. ಮೇಲಿಂದ ಕಾಗೆ, ಗೊರವಂಕ, ಎಲ್ಲದರದ್ದೂ ಅಭಿಷೇಕ. ಕಾಲೇಜಿಗೆ ಹೊರಡೋ ಮುಂಚೆ ನಾನು ಬಕೆಟ್ಟು ಹಿಡ್ಕೊಂಡು ತೊಳೀತಾ ನಿಂತಿರ್ತೀನಿ. ಹೋಗೋ ಬರೋ ಹುಡುಗರು ನಮಸ್ಕಾರ ಸಾರ್ ಅಂತಾವೆ. ಅದರಲ್ಲೂ ಒಂದು ಕಿಸಕ್ಕು.

ನೀನೇ ಹೇಳು. ಸೈಟು ನನ್ನದು. ಕಂದಾಯ ನಾನು ಕಟ್ತೀನಿ. ಬೇರು ನನ್ನ ಮನೆ ಪಾಯಕ್ಕೆ ನುಗ್ಗುತ್ತೆ. ಇಷ್ಟೂ ಖಾಸಗಿ ಕಾನೂನು. ಕೊಡಲಿ ಎತ್ತಿದೆನೋ, ಸಾರ್ವಜನಿಕ ಕಾನೂನು! ಬೇರು ನನ್ನದು, ನೆರಳು ಊರಿನದು. ಬೋರ್ಡಿನ ಮೇಲೆ ನಡುವೆ ಗೆರೆ ಎಳೆದು, ಆ ಕಡೆ ಖಾಸಗಿ, ಈ ಕಡೆ ಸಾರ್ವಜನಿಕ ಅಂತ ಎಷ್ಟು ವರ್ಷ ಬರೆಸಿದೆ! ಆ ಗೆರೆ ನನ್ನ ಮನೆ ಗೇಟಿನ ಮೇಲೇ ಹಾದು ಹೋಗುತ್ತೆ ಅಂತ ಯಾರಿಗೆ ಗೊತ್ತಿತ್ತು...

ಪಾಠದ ಮೇಲೇ ಬೇಜಾರು ಬಂದಿದೆ ಈಗೀಗ. ಇರೋ ಬರೋ ಸೆಕ್ಷನ್ನೆಲ್ಲ ಬದಲಾಯಿತು. ಫೋರ್ ಟ್ವೆಂಟಿ ಅಂದ್ರೆ ತರಕಾರಿ ಮಾರೋವನಿಗೂ ಮೋಸ ಅಂತ ಗೊತ್ತಿತ್ತು. ಈಗ ಅದು ಮುನ್ನೂರ ಹದಿನೆಂಟು. "ಲೋ ಮುನ್ನೂರ ಹದಿನೆಂಟು" ಅಂತ ಯಾರಾದ್ರೂ ಬೈದರೆ ರೋಷ ಬರುತ್ತಾ? ನಾನೊಂದು ದಿನ ಕನ್ನಡಿ ಮುಂದೆ ಅಂದು ನೋಡಿದೆ... ಏನೂ ಅನ್ನಿಸಲಿಲ್ಲ.

ಅಯ್ಯೋ, ತಮಾಷೆಗೆ ಕಣಮ್ಮ. ನಗಬೇಕಾದಾಗ ನಗಲ್ಲ ನೀನು.

ಪಂಕಜಾ... ಮಜ್ಜಿಗೆ ತಂದೆಯಾ? ಕೊಡು ಇಲ್ಲಿ. ತಟ್ಟೆ ಕಟ್ಟೆ ಮೇಲಿಡು. ಧರಣಿ, ಇವರು ನಮ್ಮ ಮನೆಯವರು, ಪಂಕಜಾ. ಏನೇ? ಇಂಗಿನ ಒಗ್ಗರಣೆ ಇಲ್ಲ ಅಂತಾನಾ? ಇರಲಿ ಬಿಡೆ, ಬಂದವರ ಮುಂದೆ ಅದನ್ನೊಂದು ಹೇಳಬೇಕಾ! ಹೋಗು, ಒಲೆ ಮೇಲೇನಿದೆ ನೋಡು.

ನಮ್ಮ ಮನೇಲಿ ಇಂಗು ನಿಲ್ಲಲ್ಲವಂತೆ ಕಣಮ್ಮ. ಡಬ್ಬಿ ತಂದಿಟ್ಟರೆ ಮಾಯ, ಮತ್ತೆ ತಂದರೆ ಮತ್ತೆ ಮಾಯ. ಅಷ್ಟಕ್ಕೇ ಬಿಂದೂನ ಕೆಲಸದಿಂದ ಬಿಡಿಸಿಬಿಟ್ಟಳು. ಪಾತ್ರೆ ತೊಳೆಯೋಕೆ ಬರ್ತಿದ್ದ ಹುಡುಗಿ. ಸಾಕ್ಷಿ ಇಲ್ಲದೆ ಹಾಗೆಲ್ಲ ಮಾಡಬಾರದು ಕಣೆ ಅಂತ ನಾನಂದೆ. ಹೆಂಗಸರ ಅಡುಗೆಮನೆ, ಅಲ್ಲಿ ನಮ್ಮ ಸಾಕ್ಷ್ಯ ಕಾಯಿದೆ ನಡೆಯುತ್ತಾ? ಸುಮ್ಮನಾದೆ. ಕುಡಿ, ಕುಡಿ. ಶುಂಠಿ, ಕರಿಬೇವು ಇದೆ.

ಬಿಂದು ಯಾರಾ? ಅಗೋ, ಗೇಟಿನಾಚೆ ಹೂ ಕಟ್ತಾ ಕೂತಿದ್ದಾಳಲ್ಲ, ಮಾದೇವಮ್ಮ, ಅವಳ ಮಗಳು. ಅವತ್ತಿನಿಂದ ನನ್ನ ಮುಖ ನೋಡಲ್ಲ ಮಾದೇವಮ್ಮ. ಮೊದಲು ಕಾರು ತೊಳೆಯುವಾಗ ಒಂದು ಮೊಳ ಹೂ ಸುತ್ತಿ, "ಅಮ್ಮಾವ್ರಿಗೆ ಕೊಡಿ ಸೋಮಿ" ಅಂತ ಕೊಡ್ತಿದ್ದಳು.

ಹೌದು. ಅವಳೇ. ನೆನಪಿದೆಯಾ ನಿನಗೆ? ನೆನಪಿರುತ್ತೆ ಬಿಡು, ನೋಟ್ಸು ತಗೊಳ್ತಿದ್ದವಳು ನೀನೊಬ್ಬಳೇ. ಕಾನೂನಿನ ಮೂಲಗಳು: ರೂಢಿ, ಶಾಸನ, ಹಿಂದಿನ ತೀರ್ಪು. ರೂಢಿಗೆ ಉದಾಹರಣೆ? "ನಮ್ಮ ಮನೆ ಮರದ ಕೆಳಗೆ ಹೂ ಮಾರೋ ಹೆಂಗಸೊಬ್ಬಳಿದ್ದಾಳೆ. ಆ ಜಾಗ ಅವಳದು ಅಂತ ಯಾರೂ ಬರೆದುಕೊಟ್ಟಿಲ್ಲ. ಆದರೆ ಅವಳು ಬರದ ದಿನವೂ ಅಲ್ಲಿ ಬೇರೆಯವರು ಕೂರಲ್ಲ. ಅದೇ ರೂಢಿ. ಕಾಯಿದೆ ಹುಟ್ಟೋ ಮುಂಚೆ ಹುಟ್ಟಿದ ಕಾನೂನು." ಚಪ್ಪಾಳೆ ಹೊಡೆದಿರಿ ನೀವೆಲ್ಲ!

ಇವತ್ತು ಬೆಳಿಗ್ಗೆ ಮೊದಲ ವರ್ಷದವರಿಗೆ ಅದೇ ಪಾಠ. ಉದಾಹರಣೆ ಕೊಡೋಕೆ ಬಾಯಿ ತೆಗೆದೆ... ಬರಲಿಲ್ಲ. ಏನೋ ಹಳ್ಳಿ ಕಾಲುದಾರಿ ಅದೂ ಇದೂ ಅಂತ ಹೇಳಿ ಮುಗಿಸಿದೆ.

ಏನು ಮಾಡಲಿ ಹೇಳು? ಮರ ಹೋದರೆ ಅಲ್ಲಿ ಅಗಲವಾದ ಗೇಟು ಬರುತ್ತೆ. ಗೇಟಿನೆದುರು ಬುಟ್ಟಿ ಇಟ್ಕೊಂಡು ಕೂರೋಕಾಗುತ್ತಾ? ಈಗಲೇ ಆಗ್ತಿಲ್ಲ. ಗೋಣಿಚೀಲ ಒದ್ದೆ ಮಾಡಿ ಹೊದಿಸ್ತಾಳೆ, ಆದರೂ ಮಧ್ಯಾಹ್ನದ ಹೊತ್ತಿಗೆ ಮಲ್ಲಿಗೆ ಕಂದಿರುತ್ತೆ. ಬೇರೆ ಮರ ನೋಡಿಕೊಳ್ಳಮ್ಮ ಅಂತ ಕಿಟಕಿಯಿಂದಲೇ ಹೇಳಿದೆ. ಎಲ್ಲಾ ಮರದ ಕೆಳಗೂ ಯಾರೋ ಇದ್ದಾರಂತೆ. ಅದೂ ರೂಢಿಯೇ ಅಲ್ವಾ! ನಾನು ಬರೆದ ಕಾನೂನಾ ಇದು?

ಅದೇನು, ಬುಡದ ಹತ್ತಿರ ಕೂತುಬಿಟ್ಟೆ? ಏಳು, ಬಟ್ಟೆ ಮಣ್ಣಾಗುತ್ತೆ. ಅಲ್ಲೇನಿಲ್ಲ. ಆ ಕಡೆ ಇರುವೆ ಇದೆ ಕಣಮ್ಮ, ಕಚ್ಚುತ್ತೆ...

ತೂತಾ? ಎಲ್ಲಿ? ಓ, ಅದಾ! ಮರಕುಟಿಗ ಇರಬೇಕು. ಇಷ್ಟು ಕೆಳಗೆ ಕುಟ್ಟುತ್ತಾ ಅಂದ್ರೆ... ನನಗೇನು ಗೊತ್ತು, ಹಕ್ಕಿ ಕೇಳಿ ಕುಟ್ಟುತ್ತಾ? ಹೂಂ, ಒಂದೇ ಸಾಲಾಗಿದೆ. ಒಂದೇ ಅಳತೆ. ಶಿಸ್ತಿನ ಹಕ್ಕಿ. ಮೆತ್ತಿರೋ ಮಣ್ಣು ಕಣಜದ್ದು. ಕಣಜ ಮಣ್ಣಲ್ಲೇ ಗೂಡು ಕಟ್ಟೋದು. ಪೆನ್ನಿನಲ್ಲಿ ಕೆದಕಬೇಡ. ಪೆನ್ನು ಹಾಳಾಗುತ್ತೆ ಧರಣಿ. ಅದರಲ್ಲಿ ರುಜು ಹಾಕಬೇಕು ನೀನು.

ನೋಡು, ವಿಷಯಕ್ಕೆ ಬರೋಣ. ಕಾಯಿದೆ ಏನನ್ನುತ್ತೆ? ಜೀವ ಇರೋ ಮರ ಕಡಿಯೋಕೆ ನೂರೆಂಟು ಷರತ್ತು. ಒಣಗಿದ ಮರಕ್ಕೆ ಅನುಮತಿ ಕೊಡಬಹುದು. ಒಣಗಿದ ಮರ, ಅಷ್ಟೇ. ಹೇಗೆ ಒಣಗಿತು ಅಂತ ಕೇಳುತ್ತಾ? ಕೇಳಲ್ಲ. ಶಾಸನದ ಮಾತು ಸ್ಪಷ್ಟ ಇರುವಾಗ ಅಧಿಕಾರಿ ತನ್ನ ಕಡೆಯಿಂದ ಒಂದು ಪದ ಸೇರಿಸೋ ಹಾಗಿಲ್ಲ. ನಾನೇ ಹೇಳಿಕೊಟ್ಟಿದ್ದು. ಹಾಗಾಗಿ ನಿನ್ನ ಕೆಲಸ...

ಬೆರಳು ಯಾಕೆ ಮೂಗಿನ ಹತ್ತಿರ ಹಿಡ್ಕೊಂಡೆ? ಒಗ್ಗರಣೆ ವಾಸನೆ ಅಡುಗೆಮನೆಯಿಂದ ಬಂದಿರಬೇಕು.

ಧರಣಿ?

ಮಜ್ಜಿಗೆ ಯಾಕೆ ಕೆಳಗಿಟ್ಟೆ? ಇನ್ನೂ ಅರ್ಧ ಇದೆ.

ಅರ್ಜಿ ತಿರಸ್ಕಾರ ಅನ್ನು. ಬೈಯಿ ಬೇಕಾದರೆ. ನೀನು ಹೀಗೆ ನೋಡೋದು ನನಗೆ ಗೊತ್ತು. ಕೊನೇ ಬೆಂಚಿನಲ್ಲಿ ಕೂತು ಹೀಗೇ ನೋಡಿ, ಆಮೇಲೆ ಎದ್ದು ನಿಲ್ಲುತ್ತಿದ್ದೆ. "ಕಾನೂನಿಗೂ ನೀತಿಗೂ ಏನು ಸಂಬಂಧ ಸಾರ್?" ಅವತ್ತು ನಾನು ಹೇಳಿದ ಕೇಸೇ ತಾನೇ ಈಗ ನಿನ್ನ ತಲೆಯಲ್ಲಿ ಓಡ್ತಿರೋದು? ತಾತನನ್ನ ಕೊಂದ ಮೊಮ್ಮಗ ಉಯಿಲಿನ ಪ್ರಕಾರ ಆಸ್ತಿ ಕೇಳಿದ್ದು. ಉಯಿಲು ಸರಿ ಇತ್ತು, ರುಜು ಸರಿ ಇತ್ತು, ಕೊಡಬಾರದು ಅಂತ ಕಾಯಿದೆ ಎಲ್ಲೂ ಹೇಳಿರಲಿಲ್ಲ. ಆದರೂ ಕೋರ್ಟು ಕೊಡಲಿಲ್ಲ. ತನ್ನ ತಪ್ಪಿನಿಂದ ತಾನೇ ಲಾಭ ಪಡೆಯೋ ಹಾಗಿಲ್ಲ...

ಅದು ಬೇರೆ ಕಣಮ್ಮ! ಅದು ಮನುಷ್ಯ. ಇದು ಮರ. ಒಂದು ಹೊಂಗೆ ಮರ!

ಅಂದ್ರೆ... ನಾನು ಹಾಗೆ ಹೇಳಲಿಲ್ಲ. ಹೋಲಿಕೆ ಕೊಡ್ತಿದ್ದೆ ಅಷ್ಟೇ. ನಾನು ಏನನ್ನೂ ಹೇಳಿಲ್ಲ.

ಬೇಡ. ತೂತಿನಿಂದ ಕೆದಕಿದ ಆ ಮಣ್ಣಿನ ಉಂಡೆ ತಟ್ಟೆಯಲ್ಲಿ ಯಾಕಿಟ್ಟೆ? ಕುಡಿಯೋ ಲೋಟದ ಪಕ್ಕ... ತೆಗಿ. ಅರ್ಜಿ ವಾಪಸ್ ತಗೋತೀನಿ, ಆಯ್ತಾ? ಗೇಟೂ ಬೇಡ, ಗ್ಯಾರೇಜೂ ಬೇಡ. ಒಣಗಿದ ಮರ ಹಾಗೇ ನಿಂತಿರಲಿ, ಮಾದೇವಮ್ಮ ಅದರ ಕೆಳಗೇ ಕೂರಲಿ. ನಾನು ಬೀದೀಲೇ ಕಾರು ತೊಳ್ಕೋತೀನಿ. ನೀನು ಅದನ್ನ ಅಲ್ಲಿಂದ ಎತ್ತು, ಅಷ್ಟು ಸಾಕು.

ಪಂಕಜಾ, ನೀನ್ಯಾಕೆ ಬಂದೆ? ಲೋಟ ನಾನು ತರ್ತೀನಿ, ಒಳಗೆ ಹೋಗು. ತಟ್ಟೆ ಅಲ್ಲೇ ಇರಲಿ ಅಂದೆನಲ್ಲ! ಏನೂ ಇಲ್ಲ ಕಣೆ, ಮಣ್ಣು. ಬರೀ ಮಣ್ಣು. ಮರದ್ದು. ಧರಣಿ, ನೀನಾದರೂ ಹೇಳಮ್ಮ, ಮಣ್ಣು ಅಂತ...

ಪಂಕಜಾ, ಬೇಡ. ಮೂಸಬೇಡ.