ಎರಡು ಶ್ರಾವಣದ ಕೂಸು

…ಅಯ್ಯಯ್ಯ, ಒಳಗೆ ಬ್ಯಾಡ್ರೀ, ಈಗ ಬ್ಯಾಡ! ಇಲ್ಲೇ ಪಡಸಾಲ್ಯಾಗೆ ಕೂಡ್ರಿ, ಗಾಳಿ ಐತೆ. ಬಾಣಂತಿ ಈಗಿನ್ನೂ ಕಣ್ಣು ಮುಚ್ಚಿದ್ಲು. ಕೂಸೂ ಮಲಗೈತೆ. ತಾಯಿ ಕೂಸು ಎರಡೂ ಒಮ್ಮೆಗೇ ಮಲಗೋದು ಎಷ್ಟು ಅಪರೂಪ ಅಂತ ನಿಮಗೆ ಗೊತ್ತಿಲ್ದಿದ್ದೇನು? ನಾಕು ಹೆತ್ತೋರು ನೀವು… ಕೂಡ್ರಿ ಬೀಗರೇ. ಅಳಿಯನ ತಾಯಿ ಬಂದು ಹಿಂಗೆ ಕಂಬ ಹಿಡಕಂಡು ನಿಂತ್ರೆ ನನ್ನ ಜೀವ ನಿಲ್ಲಲ್ಲ.

ಬೆಲ್ಲ ತಗಳ್ರಿ. ನೀರು ಕುಡೀರಿ. ಹೊಳೆ ನೀರು, ತಣ್ಣಗೈತೆ. ಯಾಕ, ಬ್ಯಾಡೇನು?… ಆಯ್ತು, ಅಲ್ಲೇ ಇರ್ಲಿ. ಆಮ್ಯಾಲೆ ಕುಡೀರಂತೆ.

ದಾವಣಗೆರೆಯಿಂದ ಒಬ್ರೇ ಬಂದ್ರಾ? ಈ ಬಿಸಿಲಾಗೆ! ಒಂದು ಮಾತು ಹೇಳಿ ಕಳಿಸಿದ್ರೆ ಸ್ಟೇಷನ್ನಿಗೆ ಮೌಲಾ ಸಾಬನ ಜಟಕಾ ಕಳಿಸ್ತಿದ್ದೆ. ತಲೆ ಮ್ಯಾಲೆ ಸೆರಗು ಒಂದು ಬಿಟ್ರೆ ಏನೂ ಇಲ್ಲ. ನಿಮ್ಮ ಯಜಮಾನ್ರದ್ದು ಬೆತ್ತದ ಹಿಡಿಕೆ ಛತ್ರಿ ಇತ್ತಲ್ಲ, ಅದನ್ನಾದ್ರೂ… ಹ್ಞಾಂ, ಅದು ರೈಲಾಗೆ ಕಳದೋತಂತೆ ಅಲ್ಲ? ನನಗೆ ಹೆಂಗೆ ಗೊತ್ತು ಅಂದ್ರೆ… ನೀವೇ ಯಾವಾಗ್ಲೋ ಹೇಳಿರಬೇಕು. ಹೇಳಿಲ್ಲಾ? ಹಂಗಾರೆ ಯಾರೋ ಅಂದ್ರು ಬಿಡ್ರಿ. ಛತ್ರಿ ಮಾತು ಈಗ್ಯಾಕ.

ಆ ಕೈಚೀಲ ಕೊಡ್ರಿ, ಗೂಟಕ್ಕೆ ಹಾಕ್ತೀನಿ. ಬ್ಯಾಡಾ? ಮಡಿಲಾಗೇ ಇರ್ಲಿ ಬಿಡ್ರಿ. ಏನೈತೆ ಅದ್ರಾಗೆ ಅಂತ ನಾ ಕೇಳಲ್ಲ. ನನ್ನ ಮಗಳ ಸೀರೆ ಕುಬಸ ತಿರುಗಿಸಿ ಕೊಡಾಕೆ ಬಂದಿಲ್ಲ ತಾನೇ?… ತಮಾಷಿ ಮಾಡ್ದೆ ಕಣ್ರೀ. ಹಂಗೆ ನೋಡಬ್ಯಾಡ್ರಿ.

ಬೇಕಾದ್ರೆ ಬೈರಿ. ಬೈಯೋದಾದ್ರೆ ನಾನೂ ಬೈಬೇಕು! ತೊಟ್ಲಿಗೆ ಹಾಕೋ ದಿನ ನಿಮ್ಮ ಕಡೆಯಿಂದ ಒಂದು ನರಪಿಳ್ಳೆ ಬರಲಿಲ್ಲ. ಕೂಸಿನ ಕಿವಿಯಾಗೆ ಹೆಸರು ಹೇಳೋಕೆ ಸೋದರತ್ತೆ ಇಲ್ಲ. ಪಕ್ಕದ ಮನೆ ನಾಗಕ್ಕನ ಕೈಲಿ ಹೇಳಿಸಿದ್ವಿ. ಊರೆಲ್ಲಾ ನೋಡ್ತಿತ್ತು. ನಿಮ್ಮ ಯಜಮಾನ್ರ ಹೆಸರೇ ಇಟ್ಟೀವಿ, ಕೊಟ್ರೇಶ ಅಂತ. ನನ್ನ ಮಗಳು ಶಕುಂತಲಗೆ ಬಾಗಿಲ ಕಡೆ ನೋಡಿ ನೋಡಿ ಕಣ್ಣು ಬಾತು ಹೋದ್ವು. ಅಳಿಯಂದಿರಾದ್ರೂ ಬರಬಹುದಿತ್ತು. ಎಣ್ಣೆ ಗಿರಣಿ ಕೆಲಸ ಅಂತೆ! ಗಂಡು ಕೂಸು ಹುಟ್ಟಿದಾಗ ಗಿರಣಿ ಒಂದು ದಿನ ನಿಂತ್ರೆ ಲೋಕ ಎಣ್ಣೆ ಇಲ್ದೆ ಸಾಯ್ತಿತ್ತೇನು?

ಇರ್ಲಿ. ಯಾಕ ಬರಲಿಲ್ಲ ಅಂತ ನನಗೂ ಗೊತ್ತೈತೆ. ನಿಮ್ಮ ಮಂಡಿಪೇಟೆ ಹೆಂಗಸ್ರು ಬೆರಳು ಮಡಚಿ ಎಣಿಸ್ತಾರಂತೆ. ಶ್ರಾವಣದಾಗೆ ಗಂಡನ ಮನೆಗೆ ಹೋದೋಳು ಯುಗಾದಿಗೆ ಹೆತ್ಲು, ಎಂಟು ತಿಂಗಳಿಗೆ ತುಂಬಿದ ಕೂಸು ಹೆಂಗೆ ಬಂತು ಅಂತ. ಅದಕ್ಕೆ ಮುಂಚೆ ತವರುಮನ್ಯಾಗೆ ಇದ್ಲಲ್ಲ ಅಂತ. ಈ ಕೂಸು ನಿಮ್ಮ ಮನೆತನದ್ದೋ ಅಲ್ಲೋ, ಇದೇ ತಾನೇ ನಿಮ್ಮ ಹೊಟ್ಯಾಗಿರೋ ಮಾತು? ನೀವು ಆಡಬ್ಯಾಡ್ರಿ, ನಾನೇ ಆಡೀನಿ. ಬಾಯಿ ಸುಟ್ರೆ ನನ್ನದೇ ಸುಡ್ಲಿ.

ಕೇಳ್ರಿ ಅಕ್ಕಾರೆ. ಕೂಸು ಏನು ರೈಲೇನ್ರಿ, ಇಷ್ಟೊತ್ತಿಗೆ ಬರ್ತೈತೆ ಅನ್ನಾಕೆ? ರೈಲೇ ಹೇಳಿದ ಹೊತ್ತಿಗೆ ಬರಲ್ಲ! ಒಂದೇ ಮಾವಿನ ಗಿಡದಾಗೆ ಎಲ್ಲಾ ಕಾಯಿ ಒಂದೇ ದಿನ ಹಣ್ಣಾಗ್ತಾವೇನು? ಇದೇ ನಾಗಕ್ಕನ್ನ ನೋಡ್ರಿ. ಮೊದಲ್ನೇದು, ಸೀಮಂತದ ಸೀರೆ ಮಡಚಿ ಇಡೋದ್ರೊಳಗೆ ಹೆತ್ಲು. ಎರಡ್ನೇದು ದಿನ ತುಂಬಿದ್ರೂ ಬರವಲ್ದು! ಸೂಲಗಿತ್ತಿ ಹದಿನೈದು ದಿನ ಅವರ ಮನ್ಯಾಗೇ ಉಂಡು, ಮಲಗಿ, ಬೇಸತ್ತು ಊರಿಗೆ ಹೋದ್ಲು. ಆಕಿ ಹೋದ ದಿನ ಸಂಜೀಗೆ ಬ್ಯಾನಿ ಬಂತು! ತಾಯಿ ಒಬ್ಳೇ, ಗಂಡ ಒಬ್ನೇ, ಹೊಟ್ಟೆ ಒಂದೇ. ಯಾವ ಲೆಕ್ಕ ಹಾಕ್ತೀರಿ?

ನಗ್ತೀರಾ? ಯಾಕ ನಗ್ತೀರಿ?… ನಗಲಿಲ್ಲಾ. ತುಟಿ ಹಂಗಾತು ಅಷ್ಟೇ. ಸರಿ.

ನನ್ನ ಮಾತು ಬ್ಯಾಡ ಅಂದ್ರೆ ನಿಮ್ಮೂರ ಲೇಡಿ ಡಾಕ್ಟ್ರ ಮಾತಾದ್ರೂ ಕೇಳ್ರಿ. ಆಯಮ್ಮನ ಹತ್ರ ನೀವೇ ಕರಕಂಡು ಹೋಗಿದ್ರಿ. ನೆನಪೈತಾ, ಏನಂದ್ರು? “ನಾ ಹೇಳೋ ತಾರೀಖು ಬರೀ ಅಂದಾಜು ಕಣಮ್ಮ. ಎರಡು ವಾರ ಹಿಂದಾದೀತು, ಎರಡು ವಾರ ಮುಂದಾದೀತು. ಸರಿಯಾಗಿ ಆ ತಾರೀಖಿಗೇ ಹೆರೋರು ನೂರಕ್ಕೆ ಐದು ಮಂದಿ ಸಿಕ್ರೆ ಹೆಚ್ಚು.” ಓದಿದೋರೇ ಹಿಂಗಂದ ಮ್ಯಾಲೆ ಮಂಡಿಪೇಟೆ ಬೆರಳು ಎಷ್ಟರದ್ದು?

ಮತ್ತೆ ಬೆರಳು ಮಡಚಿದ್ರಲ್ಲ ನೀವು! ಎರಡು ವಾರ ಹಿಂದಾಗಬಹುದು, ತಿಂಗಳ ಮ್ಯಾಲೆ ಹಿಂದಾಗೋದು ಹೆಂಗೆ ಅಂತಲೇ?… ಆಗ್ತಾವ್ರೀ. ಅಂಥವೂ ಆಗ್ತಾವೆ. ಏಳು ತಿಂಗಳಿಗೆ ಹುಟ್ಟಿದೋರು ಮೀಸೆ ತಿರುವಿಕೊಂಡು ಓಡಾಡ್ತಾರೆ.

ಇರ್ರಿ ಇರ್ರಿ. ನಿಮ್ಮ ಲೆಕ್ಕದಾಗೇ ತಪ್ಪೈತೆ. ಹೋದ ವರ್ಷ ಶ್ರಾವಣ ಎಷ್ಟು? ಎರಡು! ಮೊದಲ್ನೇದು ಅಧಿಕ, ಎರಡ್ನೇದು ನಿಜ. ನೀವು ನಿಜ ಶ್ರಾವಣದಿಂದ ಎಣಿಸ್ತೀರಿ, ನಾವು ಶಕುಂತಲನ್ನ ಕಳಿಸಿದ್ದು ಮೊದಲ್ನೇದ್ರಾಗೆ! ಒಂದು ತಿಂಗಳು ಅಲ್ಲೇ ಜಾರಿ ಬಿತ್ತು ನೋಡ್ರಿ! ಊರ ಮಂದಿಯೆಲ್ಲಾ ಇದ್ರಾಗೇ ಎಡವಿದ್ದು. ಅಧಿಕ ಮಾಸ ಅಂದ್ರೇನೇ ಹಂಗೆ, ಪಂಚಾಂಗದೋರಿಗೂ ತಲೆ ತಿರುಗ್ತೈತೆ, ಇನ್ನು ನಮ್ಮ ನಿಮ್ಮ… ಏನದು? ಕೈಯಾಗೆ ಏನೋ ಉಂಡೆ ಕಟ್ಟಿದಂಗೆ ಮಾಡ್ತೀರಲ್ಲ, ಏನು?… ಉಂಡೆ?

ಓ. ಪಂಚಮಿ ಉಂಡೆ.

ಹೌದು. ಮಗಳ ಜೊತೆ ಪಂಚಮಿ ಉಂಡೆ ಡಬ್ಬಿ ಕಳಿಸಿದ್ದೆ. ಅಧಿಕದಾಗೆ ಪಂಚಮಿ ಹಬ್ಬ ಎಲ್ಲಿಂದ ಬರಬೇಕು… ಹೌದು ಬಿಡ್ರಿ, ನಿಜ ಶ್ರಾವಣದಾಗೇ ಕಳಿಸಿದ್ದು. ನನಗೇ ಮರೆತಿತ್ತು. ವಯಸ್ಸಾತು. ಅದೂ ಅಲ್ದೆ, ಅಧಿಕದಾಗೆ ಹೆಣ್ಣು ಕಳಿಸಬ್ಯಾಡ್ರಿ ಅಂತ ಹೇಳಿ ಕಳಿಸಿದ್ದು ನೀವೇ. ಆಷಾಢ ಅಂತ ಒಂದು ತಿಂಗಳು ಹೊಸ ಜೋಡಿ ಬ್ಯಾರೆ ಇಡೋದು ಎಲ್ಲಾ ಕಡೆ ಐತೆ. ಅದರ ಬೆನ್ನಿಗೇ ಅಧಿಕ ಅಂತ ಇನ್ನೊಂದು ತಿಂಗಳು! ಮದುವೆ ಅರಿಶಿಣ ಇನ್ನೂ ಮಾಸಿರಲಿಲ್ಲ. ಎರಡು ತಿಂಗಳು ಗಂಡ ಅಲ್ಲಿ, ಹೆಂಡ್ತಿ ಇಲ್ಲಿ. ನಡುವೆ ಇರೋದು ಬರೀ ಎರಡು ಸ್ಟೇಷನ್ನು. ನನ್ನ ಮಗಳು ಉಂಡ ಅನ್ನ ಮೈಗೆ ಹತ್ತಲಿಲ್ಲ… ಅಲ್ಲ, ತವರುಮನಿ, ಏನು ಕಡಿಮಿ? ಚೆನ್ನಾಗೇ ಇದ್ಲು. ಸುಮ್ಮನೆ ಅಂದೆ.

ಆಷಾಢಕ್ಕೆ ಮುಂಚೇನೇ ಬಸುರಾಗಿದ್ಲು ಅಂತ ನಾ ಹೇಳಬಹುದು, ಆದ್ರೆ ಹೇಳಲ್ಲ. ಮುಟ್ಟಾಗಿ ತಲೆ ಮ್ಯಾಲೆ ನೀರು ಹಾಕ್ಕಂಡ ಮರುದಿನ ನೀವೇ ಕಳಿಸಿಕೊಟ್ಟಿದ್ರಿ. ಸುಳ್ಳು ಹೇಳೋ ಜಾತಿ ಅಲ್ಲ ನಾನು.

ಯಾಕ ಹಂಗೆ ಒಳಬಾಗಿಲೇ ನೋಡ್ತೀರಿ? ಕೂಸನ್ನ ತೋರಿಸಲ್ಲ ಅಂತ ಅಲ್ರೀ. ತೀರಾ ಎಳೇದು. ದಿನ ತುಂಬದ ಜೀವ. ಅಂಗೈ ಅಗಲ ಐತೆ ಅಷ್ಟೇ. ಅರಳೆಯಾಗೆ ಸುತ್ತಿಟ್ಟೀವಿ. ಉಗುರಿಲ್ಲ, ಕೂದಲಿಲ್ಲ, ಅಳಾಕೂ ಶಕ್ತಿ ಇಲ್ಲ ಪಾಪ, ಬೆಕ್ಕಿನ ಮರಿ ಹಂಗೆ ಕುಂಯ್ ಅಂತೈತೆ. ಹೊರಗಿನ ಗಾಳಿ ಸೋಕಿದ್ರೆ…

…ಅದಾ? ಪಕ್ಕದ ಮನೇದಿರಬೇಕು.

…ನಮ್ಮದೇ. ಹೌದು, ನಮ್ಮದೇ ಕೂಸು. ಗಂಟಲು ಒಂದು ಜೋರು, ಅದಕ್ಕೇನು ಮಾಡಾಕೆ ಬರ್ತೈತೆ! ಮನೆತನದ ಗಂಟಲು. ಬೀಗರು ಗಿರಣಿಯಾಗೆ ಕೂಗಿದ್ರೆ ಬೀದಿಗೆ ಕೇಳ್ತಿತ್ತಂತೆ… ಎಲ್ಲಿಗೆ? ಎಲ್ಲಿಗೆ ಎದ್ರಿ? ಬ್ಯಾಡ ಅಕ್ಕಾರೆ, ಒಳಗೆ ಕತ್ತಲೆ ಐತೆ, ಹೊಗೆ ಹಾಕೀವಿ, ನಿಮಗೆ ಉಬ್ಬಸ! ನಾನೇ ತಂದು ತೋರಿಸ್ತೀನಿ, ಸುತ್ತಿಕೊಂಡು ತರ್ತೀನಿ, ಒಂದು ನಿಮಿಷ… ಶಕುಂತಲಾ! ಏ ಶಕುಂತಲಾ!… ಮಲಗ್ಯಾಳೆ ಕಣ್ರೀ. ಅಕ್ಕಾರೆ, ನಿಮ್ಮ ಕಾಲು ಹಿಡೀತೀನಿ, ಆ ಪರದೆ ಸರಿಸಬ್ಯಾಡ್ರಿ…

…

ಏನು ನೋಡ್ತೀರಿ? ಕೂಸು ಕೆಳಗೈತೆ, ತೊಟ್ಲಾಗೆ. ಮ್ಯಾಲೇನು…

ಯಾರೇ ಇದನ್ನ ಅಟ್ಟದಿಂದ ಇಳಿಸಿದ್ದು?

ಅದು… ಅದು ಗುಬ್ಬಿ ಕಾಟಕ್ಕೆ. ತೊಲೆ ಸಂದಿಯಾಗೆ ಗೂಡು ಕಟ್ಟ್ಯಾವೆ, ಹಗಲೆಲ್ಲಾ ಕಡ್ಡಿ ಕಸ ಕೂಸಿನ ಮ್ಯಾಲೆ ಬೀಳ್ತಾವೆ. ಅದಕ್ಕೇ ಹುಡುಗಿ ತೊಟ್ಲ ಹಗ್ಗಕ್ಕೆ ಛತ್ರಿ ಬಿಚ್ಚಿ ಕಟ್ಟ್ಯಾಳೆ. ನಾ ಅಡುಗೆ ಮನ್ಯಾಗಿದ್ದೆ, ನೋಡಿರಲಿಲ್ಲ. ನಮ್ಮನೇ ಛತ್ರಿ ಅದು. ನಮ್ಮ ಯಜಮಾನ್ರದ್ದು. ಸಂತ್ಯಾಗೆ ತಂದಿದ್ದು. ಬೆತ್ತದ ಹಿಡಿಕೆ ಛತ್ರಿ ಊರಿಗೆ ಒಂದೇ ಇರ್ತೈತೇನು? ಎಷ್ಟೋ ಮಂದೀದು ಇರ್ತಾವೆ. ಹಿಡಿಕೆ ಯಾಕ ಸವರ್ತೀರಿ ಅಕ್ಕಾರೆ? ಹಿತ್ತಾಳೆ ಬಳೆ ಹಾಕ್ಸಿದ್ದು ಇವರೇ… ಅದು ಸೀಳಿತ್ತು ಅಂತ…

…

ಏನಾದ್ರೂ ಅನ್ರೀ! ನಿಮ್ಮ ಯಜಮಾನ್ರ ಕೈ ತಾಗಿ ತಾಗಿ ನುಣುಪಾದ ಹಿಡಿಕೆ, ನಿಮಗೆ ಗುರುತು ಸಿಗದೆ ಇರ್ತೈತಾ. ಯಾರ ಮುಂದೆ ಸುಳ್ಳು ಹೇಳ್ತೀನಿ ನಾನು.

ಬಂದಿದ್ರು. ಅಳಿಯಂದಿರು ವಾಮದೇವಪ್ಪ ಬಂದಿದ್ರು, ಅಪ್ಪನ ಛತ್ರಿ ಹಿಡಕಂಡು. ಮಣ್ಣೆತ್ತಿನ ಅಮಾಸೆ ಕಳೆದಿತ್ತು, ಆಷಾಢದ ಜಡಿಮಳೆ. ಗಿರಣಿ ಸಾಮಾನು ತರಾಕೆ ಹುಬ್ಬಳ್ಳಿಗೆ ಹೋಗ್ತೀನಿ ಅಂತ ನಿಮಗೆ ಹೇಳಿ, ಇಲ್ಲಿ ಹರಿಹರದಾಗೆ ಇಳಿದುಬಿಟ್ಟಿದ್ರು. ಬಾಗಿಲ ಮುಂದೆ ನಿಂತ್ರು, ಮೊಣಕಾಲಿನ ತನಕ ರಾಡಿ, ಮುಖ ಮಾತ್ರ ಬಾಸಿಂಗ ಕಟ್ಟಿದ ದಿನ ಇದ್ದಂಗೆ. ಆಷಾಢ ಐತಪ್ಪ, ವಾಪಸ್ ಹೋಗಪ್ಪ ಅನ್ನಬೇಕಿತ್ತು. ನನ್ನ ಬಾಯಿಗೆ ಬರಲಿಲ್ಲ. ಒಳಗೆ ನನ್ನ ಮಗಳು ಒಲೆ ಮುಂದೆ ಕುಂತಿದ್ದೋಳು ದನಿ ಕೇಳಿ ಎದ್ದು ನಿಂತ ರೀತಿ ನೋಡಿದ್ರೆ ನೀವೂ ಬಾಗಿಲು ತೆಗೀತಿದ್ರಿ. ಬೆಳಿಗ್ಗೆ ಮಳೆ ನಿಂತಿತ್ತು. ಛತ್ರಿ ಇಲ್ಲೇ ಮರೆತು ಹೋದ್ರು, ನಿಮಗೆ ರೈಲಾಗೆ ಕಳೀತು ಅಂದ್ರು.

ಯಾಕ ಹೇಳಲಿಲ್ಲ ಅಂತ ಕೇಳಬ್ಯಾಡ್ರಿ. ದಸರಾದಾಗೆ ಬೀಗರು ಎದೆ ಹಿಡಕಂಡು ಕುಂತೋರು ಏಳಲಿಲ್ಲ. ಆಷಾಢದಾಗೆ ಹೊಸ ಜೋಡಿ ಕೂಡಿದ್ರೆ ಮನೆ ಹಿರೇರಿಗೆ ಕೇಡು ಅಂತ ನಾವೂ ನೀವೂ ಹುಟ್ಟಿದಾಗಿಂದ ಕೇಳೀವಿ. ಆಷಾಢದ ಮಾತು ಎತ್ತಿದ್ರೆ ನನ್ನ ಮಗಳು ಮಾವನ್ನ ನುಂಗಿದೋಳು ಆಗ್ತಿದ್ಲು. ಎತ್ತದಿದ್ರೆ ನಡತೆಗೆಟ್ಟೋಳು. ಅಳಿಯಂದಿರು ಅಪ್ಪನ ಸುಟ್ಟ ನೋವಿನಾಗೆ ಬಾಯೇ ಬಿಡಲಿಲ್ಲ…

ಅಯ್ಯೋ, ಸುಟ್ಟ ಅಂದೆ. ಮಣ್ಣಿಗಿಟ್ಟೋರನ್ನ ಸುಟ್ಟ ಅಂದೆ. ನನ್ನ ತಲೆಯೇ ನಿಲ್ಲಂಗಿಲ್ಲ ಅಕ್ಕಾರೆ. ಎರಡೂ ಬ್ಯಾಡ, ಕೂಸು ಮುಂಚೆ ಹುಟ್ಟಿತು ಅನ್ನೋಣ ಅಂತ ಮಾಡಿದೆ. ಮುಂಚೆ ಹುಟ್ಟೋದು ಲೋಕದಾಗೆ ಇಲ್ದಿದ್ದೇನಲ್ಲ. ಈ ಕೂಸಿನ ಪಾಲಿಗೆ ಮಾತ್ರ ಅದು ಸುಳ್ಳು. ಇದು ತನ್ನ ದಿನ ತುಂಬಿಸಿಕೊಂಡೇ ಬಂದೈತೆ.

ಛತ್ರಿ ಒಯ್ಯಬ್ಯಾಡ್ರೀ! ಅದೊಂದೇ ಸಾಕ್ಷಿ ನನ್ನ ಮಗಳಿಗೆ. ಇಷ್ಟು ದಿನ ಅಟ್ಟದಾಗೆ ಮುಚ್ಚಿಟ್ಟು ನಾನೇ ಆಕಿ ಕುತ್ತಿಗೆ ಹಿಸುಕಿದ್ದೆ, ಈಗ ತಿಳೀತೈತೆ ನನಗೆ. ಮಾವನ್ನ ನುಂಗಿದೋಳು ಅಂತಲೇ ಅನ್ರಿ, ಬಾಗಿಲು ತೆಗೆದೋಳು ನಾನು, ಆ ಪಾಪ ನನ್ನ ತಲೆ ಮ್ಯಾಲೆ ಹಾಕ್ರಿ. ಆದ್ರೆ ಕೂಸು ನಮ್ಮದಲ್ಲ ಅನ್ನಬ್ಯಾಡ್ರಿ… ಏನು? ಗಂಟು ಸಡಿಲಾಗಿತ್ತಾ? ಬಿಗಿ ಮಾಡ್ತೀರಾ? ಹ್ಞೂಂ… ಹ್ಞೂಂ, ಹಂಗೇ ತಲೆ ಕಡೆ ವಾಲಿಸಿ ಕಟ್ರಿ, ಅಲ್ಲೇ ಕಡ್ಡಿ ಬೀಳೋದು.

ಚೀಲ ಯಾಕ ಬಿಚ್ತೀರಿ?

ಕುಲಾವಿ. ಕೂಸಿಗೆ ಕುಲಾವಿ ಹೊಲಿದೀರಾ! ಕರ್ಪೂರದ ವಾಸನೆ… ಪೆಟ್ಟಿಗೆಯಾಗೆ ಇಟ್ಟು ಬಾಳ ದಿನ ಆಗೈತೆ ಇದು. ಆಕಿ ಬಸುರಿದ್ದಾಗಲೇ ಹೊಲಿದಿದ್ರಾ? ಜರಿ ಅಂಚು… ಅಕ್ಕಾರೆ, ಇದು ಬೀಗರ ರುಮಾಲಲ್ಲೇನ್ರಿ? ಮದುವೆ ದಿನ ಸುತ್ತಿದ್ರಲ್ಲ, ಅದೇ. ಆ ರುಮಾಲು ಕತ್ತರಿಸೋಕೆ ನಿಮಗೆ ಕೈ ಹೆಂಗೆ ಬಂತು…

ನಿಧಾನ, ನೆತ್ತಿ ಮೆತ್ತಗೈತೆ. ಸರಿಯಾಗಿ ಕುಂತಿತು ನೋಡ್ರಿ. ಅಳತೆ ತಗಂಡು ಹೊಲಿದಂಗೆ ಐತೆ.

ಯಾಕ ಹಾಸಿಗೆ ಕಡೆ ನೋಡ್ತೀರಿ? ಆಕಿ ಮಲಗಿಲ್ಲ ಅಂತ ನಿಮಗೆ ಬಂದಾಗಲೇ ಗೊತ್ತಿತ್ತು ಅಂತ ಕಾಣ್ತೈತೆ. ನಾನೇ ಹೇಳಿದ್ದೆ, ಬಾಗಿಲ ಸದ್ದು ಕೇಳಿದ ಕೂಡ್ಲೇ ಕಣ್ಣು ಮುಚ್ಚು, ಅತ್ತೆ ಏನು ಕೇಳಿದ್ರೂ ಉಸಿರೆತ್ತಬ್ಯಾಡ ಅಂತ.

ಶಕುಂತಲಾ, ಏಳವ್ವ. ಸುಳ್ಳು ನಿದ್ದೆ ಸಾಕು. ನಿಮ್ಮತ್ತೆಗೆ ಕೂಡೋಕೆ ಜಾಗ ಬಿಡು.